ಮಳೆ ಬಾರದ ವರ್ಷವೂ ಮಣ್ಣೆತ್ತು ಮಾಡುವುದು ಯಾಕೆ?

2023ರ ಜೂನ್. ಕಾರಹುಣ್ಣಿಮೆ ಮುಗಿದು ಎರಡು ವಾರವಾದರೂ ಮಳೆಯ ಸುಳಿವಿಲ್ಲ. ಧಾರವಾಡದ ಸುತ್ತಲಿನ ಹೊಲಗಳು ಹರಗಿಸಿಕೊಂಡು, ಬೀಜಕ್ಕೆ ಬಾಯಿ ತೆರೆದು ಬಿದ್ದಿದ್ದವು. ಮಣ್ಣೆತ್ತಿನ ಅಮಾವಾಸ್ಯೆ ಮಾತ್ರ ಹೇಳಿದ ದಿನಕ್ಕೆ ಬಂತು. ನಮ್ಮ ಓಣಿಯ ಕಟ್ಟೆಯ ಮೇಲೆ ನಾಲ್ಕಾರು ಮಕ್ಕಳು ಎರೆಮಣ್ಣು ಕಲಸಿಕೊಂಡು ಎತ್ತು ಮಾಡುತ್ತ ಕೂತಿದ್ದರು.

ಅಲ್ಲೇ ಕೂತಿದ್ದ ಹಿರಿಯರೊಬ್ಬರು ಗೊಣಗಿದರು. "ಬಿತ್ತಾಕ ಹಸಿ ಇಲ್ಲ, ಇವಕ್ಕ ಎತ್ತು ಬೇಕಂತ." ಗೊಣಗುತ್ತಲೇ ಒಬ್ಬ ಹುಡುಗಿಯ ಕೈಯಿಂದ ಎತ್ತು ಇಸಕೊಂಡು, ಇಣಿ (ಹೆಗಲ ಮೇಲಿನ ಡುಬ್ಬ) ತಿದ್ದಿ, ಕೋಡು ಚೂಪು ಮಾಡಿ ವಾಪಸ್ ಕೊಟ್ಟರು.

ಆ ವರ್ಷ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಪಟ್ಟಿಗೆ ಸೇರಿದವು. ಅದಕ್ಕೂ ಮುಂಚೆ 2020ರಲ್ಲಿ ಕೊರೊನಾ. ಅದಕ್ಕೂ ಮುಂಚೆ 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ, ರೋಣ ಕಡೆಯ ಊರುಗಳು ನೀರಲ್ಲಿ ನಿಂತಿದ್ದವು. ಪ್ರತಿ ಸಲವೂ ಆ ಹಿರಿಯರ ಪ್ರಶ್ನೆ ಯಾರಾದರೊಬ್ಬರ ಬಾಯಲ್ಲಿ ಬಂದೇ ಬಂದಿದೆ. ಇಂಥ ಹೊತ್ತಿನಲ್ಲಿ ಹಾಡು, ಬಣ್ಣ, ನಾಟಕ ಎಲ್ಲ ಯಾಕೆ?

ಪ್ರಶ್ನೆ ಸರಿಯಾಗಿದೆ. ಆದರೆ ಕೇಳಿದವರ ಕೈಯೇ ಸುಮ್ನೆ ಇರಲಿಲ್ಲ. ಅದು ಯಾಕೆ ಅಂತ ನೋಡೋಣ.

ಯಾವುದಕ್ಕೆ ಕಲೆ ಅನ್ನುತ್ತಿದ್ದೇವೆ?

ನಮ್ಮ ಕಡೆ ಕಲೆ ಅಂದ ಕೂಡಲೇ ದೊಡ್ಡ ಹೆಸರುಗಳು ಎದುರಿಗೆ ಬಂದು ನಿಲ್ಲುತ್ತವೆ. ಧಾರವಾಡ-ಹುಬ್ಬಳ್ಳಿಯಲ್ಲಿ ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್. ಗದಗ ಜಿಲ್ಲೆಗೆ ಹೋದರೆ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ. ಇಂಥವರ ಊರಲ್ಲಿ ನಾವೇನು ಹಾಡುವುದು ಅಂತ ಬಾಯಿ ಮುಚ್ಚಿಕೊಂಡವರೇ ಜಾಸ್ತಿ. ಊರಿನ ಹೆಮ್ಮೆ ಊರಿನವರ ಬಾಯನ್ನೇ ಕಟ್ಟಿದೆ ಅನ್ನಿಸುತ್ತದೆ, ಕೆಲವೊಮ್ಮೆ.

ಈ ಲೇಖನದ ಮಟ್ಟಿಗೆ ಕಲೆಯನ್ನು ಅಷ್ಟು ಎತ್ತರಕ್ಕೆ ಒಯ್ಯುವುದು ಬೇಡ. ಕೈಯಿಂದಲೋ ದನಿಯಿಂದಲೋ ಮೈಯಿಂದಲೋ, ನಿನ್ನೆ ಇಲ್ಲದ ಒಂದಕ್ಕೆ ಇವತ್ತು ಆಕಾರ ಕೊಟ್ಟರೆ ಅದು ಕಲೆ. ಅಂಗಳದ ರಂಗೋಲಿ, ಕೌದಿ, ಕಸೂತಿ, ದೊಡ್ಡಾಟದ ಒಂದು ಪಾತ್ರ, ಶನಿವಾರದ ಭಜನೆ, ವಹಿಯ ಹಿಂದಿನ ಹಾಳೆಯಲ್ಲಿ ಬರೆದ ನಾಲ್ಕು ಸಾಲು, ಎಲ್ಲ ಬಂತು. ಚೆಂದ ಇರಲೇಬೇಕು ಅಂತಿಲ್ಲ.

ಇನ್ನೊಂದು ಮಾತು. ಕಲೆ ನೋಡುವುದು ಬೇರೆ, ಮಾಡುವುದು ಬೇರೆ. ರೊಟ್ಟಿ ತಿನ್ನುವುದಕ್ಕೂ ಬಡಿಯುವುದಕ್ಕೂ ಇರುವಷ್ಟು ವ್ಯತ್ಯಾಸ. ಮೊಬೈಲಿನಲ್ಲಿ ಹತ್ತು ಹಾಡು ಕೇಳಿದರೆ ಖುಷಿ ಸಿಗಬಹುದು, ಅದು ಕಡಿಮೆಯದಲ್ಲ. ಇಲ್ಲಿ ನಾನು ಹೇಳುತ್ತಿರುವುದು ಬಡಿಯುವವರ ವಿಷಯ.

'ಕಷ್ಟಕಾಲ' ಅನ್ನುವ ಮಾತನ್ನೂ ಬಿಡಿಸಿಕೊಳ್ಳಬೇಕು. ಕೆಲಸ ಜಾಸ್ತಿ ಇದ್ದ ಮಾತ್ರಕ್ಕೆ ಅದು ಕಷ್ಟಕಾಲವಲ್ಲ. ಸುಗ್ಗಿಯಲ್ಲೂ ಬೆನ್ನು ಮುರಿಯುತ್ತದೆ, ಆದರೆ ಮನಸ್ಸು ಮುರಿಯುವುದಿಲ್ಲ. ಏನು ಬರುತ್ತದೋ ಗೊತ್ತಿಲ್ಲ, ಬಂದರೆ ತಡೆಯುವುದು ನಮ್ಮ ಕೈಯಲ್ಲಿಲ್ಲ, ಯಾವಾಗ ಮುಗಿಯುತ್ತದೋ ಹೇಳುವವರಿಲ್ಲ. ಈ ಮೂರೂ ಕೂಡಿದಾಗ ಮನುಷ್ಯ ಸೋಲುತ್ತಾನೆ.

ಮೈಯೊಳಗೆ ಏನಾಗುತ್ತದೆ?

ರಾತ್ರಿ ನಾಯಿ ಬೆನ್ನು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ, ಕಾಲಿಗೆ ಎಲ್ಲಿಲ್ಲದ ಕಸುವು ಬರುತ್ತದೆ. ಮೂತ್ರಪಿಂಡಗಳ ಮೇಲೆ ಕೂತ ಎರಡು ಪುಟ್ಟ ಗ್ರಂಥಿಗಳು ಆಗ ರಕ್ತಕ್ಕೆ ಕೆಲವು ರಸಗಳನ್ನು ಬಿಡುತ್ತವೆ. ಅವುಗಳಲ್ಲಿ ಒಂದರ ಹೆಸರು ಕಾರ್ಟಿಸಾಲ್. ಸಕ್ಕರೆಯನ್ನು ರಕ್ತಕ್ಕೆ ತಂದು, ಮೈಯನ್ನು ಎಚ್ಚರದಲ್ಲಿ ಇಡುವುದು ಅದರ ಕೆಲಸ. ನಾಯಿ ಹಿಂದೆ ಸರಿದ ಮೇಲೆ ಎಲ್ಲ ಇಳಿಯುತ್ತದೆ. ಮನೆಗೆ ಬಂದು ನೀರು ಕುಡಿದು ಮಲಗುತ್ತೀರಿ.

ಸೊಸೈಟಿ ಸಾಲ, ಬಾರದ ಮಳೆ, ಆಸ್ಪತ್ರೆಯಲ್ಲಿರುವ ತಾಯಿ, ಇವು ಹಿಂದೆ ಸರಿಯುವ ನಾಯಿಗಳಲ್ಲ. ಮೈ ಎಚ್ಚರದಲ್ಲೇ ಇರುತ್ತದೆ. ಬೋರ್‌ವೆಲ್‌ನಲ್ಲಿ ನೀರು ಇಳಿದು ಹೋದರೂ ಮೋಟಾರು ಓಡುತ್ತಲೇ ಇದ್ದರೆ ಏನಾಗುತ್ತದೆ ಅಂತ ರೈತರಿಗೆ ಹೇಳಬೇಕಿಲ್ಲ. ಮೇಲೆ ನೀರು ಬರುವುದಿಲ್ಲ, ಒಳಗೆ ಕಾಯಿಲ್ ಸುಡುತ್ತದೆ. ನಿದ್ದೆ ಹೋಗುತ್ತದೆ, ಸಿಟ್ಟು ಬೇಗ ಬರುತ್ತದೆ, ಹೊಟ್ಟೆ ಕೆಡುತ್ತದೆ, ಒಂದೇ ವಿಚಾರ ತಲೆಯಲ್ಲಿ ಗಾಣದೆತ್ತಿನಂತೆ ಸುತ್ತುತ್ತದೆ.

2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಸಣ್ಣ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 39 ಜನ ವಯಸ್ಕರಿಗೆ ಜೇಡಿಮಣ್ಣು, ಬಣ್ಣದ ಪೆನ್ನು, ಕಾಗದದ ಚೂರು ಕೊಟ್ಟು 45 ನಿಮಿಷ ಏನಾದರೂ ಮಾಡಿ ಅಂದರು. ಮೊದಲು ಮತ್ತು ಆಮೇಲೆ ಜೊಲ್ಲು ತೆಗೆದು ಕಾರ್ಟಿಸಾಲ್ ಅಳೆದರು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಚಿತ್ರ ಬರೆದು ರೂಢಿ ಇದ್ದವರು, ಇಲ್ಲದವರು ಅನ್ನುವ ಭೇದ ಕಾಣಲಿಲ್ಲ.

ಇದನ್ನು ಓದಿ ತೀರಾ ಹಿಗ್ಗುವುದೂ ಬೇಡ. ಪ್ರಯೋಗ ಸಣ್ಣದು. ಸುಮ್ನೆ ಕೂತಿದ್ದವರ ಗುಂಪೊಂದನ್ನು ಇಟ್ಟುಕೊಂಡು ಹೋಲಿಸಿ ನೋಡಿರಲಿಲ್ಲ. ಕಾರ್ಟಿಸಾಲ್ ಹೊತ್ತು ಏರಿದಂತೆ ತಾನಾಗಿಯೂ ಸ್ವಲ್ಪ ಇಳಿಯುತ್ತದೆ. ಆದರೆ ದಿಕ್ಕು ತೋರಿಸುವ ಮಟ್ಟಿಗೆ ಅದು ಸಾಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಲೆ ಮತ್ತು ಆರೋಗ್ಯದ ಬಗ್ಗೆ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಹರವಿ ನೋಡಿದ ವರದಿ ಹೊರತಂದಿತು. ಅದು ತೋರಿಸಿದ್ದೂ ಅದೇ ದಿಕ್ಕನ್ನು.

ಎಳೆ ಎಣಿಸುವಾಗ

ಮೈಯ ಈ ಎಚ್ಚರ ಯಾಕೆ ಇಳಿಯುತ್ತದೆ? ಕಸೂತಿಯನ್ನು ನೋಡಿದರೆ ಗೊತ್ತಾಗುತ್ತದೆ.

ಧಾರವಾಡದ ಕಸೂತಿಗೆ ನಾಲ್ಕು ಬಗೆಯ ಹೊಲಿಗೆ. ಗವಂತಿ, ಮುರಗಿ, ನೇಗಿ, ಮೆಂತಿ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವ ಹಾಗಿಲ್ಲ. ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿ ಹಾಕಬೇಕು. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕುತ್ತ ಹೋಗುತ್ತಾರೆ, ಬರುವಾಗ ಬಿಟ್ಟಿದ್ದನ್ನು ತುಂಬುತ್ತ ಬರುತ್ತಾರೆ. ಗಂಟು ಹಾಕುವುದಿಲ್ಲ. ಸರಿ ಬಂದರೆ ಸೀರೆಯ ಒಳಬದಿ ಯಾವುದು ಹೊರಬದಿ ಯಾವುದು ಗೊತ್ತಾಗಬಾರದು. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ, ತೇರು ಕುಂಟುತ್ತದೆ. ಬಿಚ್ಚಿ ಮತ್ತೆ ಹಾಕಬೇಕು.

ಎಳೆ ಎಣಿಸುವ ತಲೆಗೆ ಸಾಲ ಎಣಿಸಲು ಆಗುವುದಿಲ್ಲ. ಒಂದೇ ಹೊತ್ತಿಗೆ ಎರಡು ಎಣಿಕೆ ಹಿಡಿದುಕೊಳ್ಳುವಷ್ಟು ಜಾಗ ನಮ್ಮ ಗಮನಕ್ಕೆ ಇಲ್ಲ. ಚಿಂತೆ ಹೋಯಿತು ಅಂತಲ್ಲ. ಅರ್ಧ ತಾಸು ಹೊರಗಿನ ಕಟ್ಟೆಯ ಮೇಲೆ ಕಾಯುತ್ತ ಕೂತಿರುತ್ತದೆ. ಮೋಟಾರು ಆರುವುದಕ್ಕೆ ಅಷ್ಟು ಹೊತ್ತು ಸಿಕ್ಕರೂ ದೊಡ್ಡದು.

ಎರಡನೆಯ ಕಾರಣ ಇನ್ನೂ ಮುಖ್ಯ ಅಂತ ನನಗೆ ಅನ್ನಿಸುತ್ತದೆ. ಕಷ್ಟಕಾಲದಲ್ಲಿ ನಾವು ಮಾಡಿದ್ದಕ್ಕೂ ಆಗುವುದಕ್ಕೂ ಸಂಬಂಧವೇ ತಪ್ಪಿ ಹೋಗುತ್ತದೆ. ಬಿತ್ತಿದರೂ ಬೆಳೆ ಇಲ್ಲ, ದುಡಿದರೂ ಪಗಾರ ಇಲ್ಲ, ಮಾಸ್ಕ್ ಹಾಕಿದರೂ ಜ್ವರ ಬಂತು. ಹೀಗೆ ಹಲವು ಸಲ ಆದ ಮೇಲೆ ಕೈ ಎತ್ತುವುದೇ ಬೇಡ ಅನ್ನಿಸುತ್ತದೆ. ಮಣ್ಣಿನ ಎತ್ತು ಹಾಗಲ್ಲ. ಕೋಡು ಎಳೆದರೆ ಉದ್ದ ಆಗುತ್ತದೆ, ಒತ್ತಿದರೆ ಗಿಡ್ಡ ಆಗುತ್ತದೆ. ಅಂಗೈ ಅಗಲದ ಜಾಗದಲ್ಲಾದರೂ ನಾನು ಮಾಡಿದ್ದು ನಾನು ಮಾಡಿದ ಹಾಗೇ ಆಗುತ್ತದೆ. ಆ ಹಿರಿಯರ ಕೈಗೆ ಆ ಜೂನ್‌ನಲ್ಲಿ ಅಂಥ ಕೆಲಸ ಬೇರೆ ಎಲ್ಲಿ ಸಿಗಬೇಕಿತ್ತು?

ಅಳು ಹಾಡಾಗುವುದು

ನಮ್ಮ ಹಳ್ಳಿಗಳಲ್ಲಿ ಸಾವಿನ ಮನೆಗೆ ಹೋದವರು ಕೇಳಿರುತ್ತೀರಿ. ಹಿರಿಯ ಹೆಣ್ಣುಮಕ್ಕಳು ಸುಮ್ನೆ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವರು ಏನು ತಂದುಕೊಟ್ಟಿದ್ದರು, ಯಾವ ಜಾತ್ರೆಗೆ ಕರೆದೊಯ್ದಿದ್ದರು, ಕೊನೆಯ ಸಲ ಏನು ಕೇಳಿದ್ದರು, ಒಂದೊಂದೇ ಸಾಲಾಗಿ ಬರುತ್ತದೆ. ಪ್ರತಿ ಸಾಲಿನ ಕೊನೆಗೆ ದನಿ ಒಂದೇ ಕಡೆ ಇಳಿಯುತ್ತದೆ. ಪಟ್ಟಣದಲ್ಲಿ ಬೆಳೆದವರಿಗೆ ಇದು ನಾಟಕ ಅನ್ನಿಸಬಹುದು. ನನಗೂ ಸಣ್ಣವನಿದ್ದಾಗ ಹಾಗೇ ಅನ್ನಿಸಿತ್ತು. ಅಜ್ಜಿ ಹೋದಾಗ ಅಳಲು ಬಾರದೆ ಗಂಟಲು ಕಟ್ಟಿ ಕೂತ ಮೇಲೆ, ಹಾಡಲು ಬರುವವರು ಪುಣ್ಯವಂತರು ಅಂತ ತಿಳಿಯಿತು.

ರಾತ್ರಿಯಾದರೆ ಭಜನಾ ಮೇಳ ಬರುತ್ತದೆ. ಹೆಣದ ಎದುರು ಬೆಳಕು ಹರಿಯುವವರೆಗೂ ದಪ್ಪು, ತಾಳ, ಏಕತಾರಿ. ಹಾಡುವುದರಲ್ಲಿ ಶಿಶುನಾಳ ಶರೀಫರ ತತ್ವಪದಗಳು ಇದ್ದೇ ಇರುತ್ತವೆ. ಶರೀಫರು ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದವರು, 1819ರಿಂದ 1889ರವರೆಗೆ ಬದುಕಿದ್ದವರು. ಮನೆ, ಮಾಳಿಗೆ, ಬಿತ್ತಿಗೆ, ಬೀಸುವ ಕಲ್ಲು ಇಂಥದನ್ನೇ ಹಿಡಿದು ಸಾವನ್ನು ಮಾತಾಡಿಸಿದವರು.

ಮೊಹರಂ ಇನ್ನೂ ದೊಡ್ಡ ಉದಾಹರಣೆ. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ನಡೆದ, ಪ್ರವಾದಿಯವರ ಮೊಮ್ಮಗ ಹುಸೇನರ ಕೊಲೆಯ ದುಃಖ ಅದು. ಧಾರವಾಡ, ಗದಗ, ಹಾವೇರಿಯ ಹಳ್ಳಿಗಳಲ್ಲಿ ಅದನ್ನು ಕನ್ನಡದ ರಿವಾಯತ ಪದಗಳಾಗಿ, ಹೆಜ್ಜೆಮೇಳದ ಕುಣಿತವಾಗಿ ಇವತ್ತಿಗೂ ಕಟ್ಟುತ್ತಾರೆ. ಹಾಡುವವರಲ್ಲಿ ಮುಸ್ಲಿಮರೂ ಇರುತ್ತಾರೆ, ಹಿಂದೂಗಳೂ ಇರುತ್ತಾರೆ. ಕೆಲವು ಊರುಗಳಲ್ಲಿ ಮುಸ್ಲಿಂ ಮನೆಯೇ ಇರುವುದಿಲ್ಲ, ಹಬ್ಬ ಮಾತ್ರ ಇರುತ್ತದೆ. ಅಷ್ಟು ದೂರದ, ಅಷ್ಟು ಹಳೆಯ ಸಾವು ಇಲ್ಲಿಯವರ ಎದೆಯಲ್ಲಿ ಜಾಗ ಹಿಡಿದದ್ದು ಹಾಡಿನ ದಾರಿಯಿಂದ. ತಮ್ಮ ತಮ್ಮ ಮನೆಯ ಸಾವುಗಳನ್ನೂ ಆ ಹಾಡಿನೊಳಗೆ ಇಟ್ಟು ಅಳುವವರಿದ್ದಾರೆ.

ಇದು ಹೇಗೆ ಕೆಲಸ ಮಾಡುತ್ತದೆ? ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ಕಾಲೇಜು ವಿದ್ಯಾರ್ಥಿಗಳಿಗೆ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆಯಲು ಹೇಳಿದರು. ಕೆಲವರಿಗೆ ಸಾದಾ ವಿಷಯ, ಕೆಲವರಿಗೆ ತಮ್ಮ ಬದುಕಿನ ಅತಿ ನೋವಿನ ಘಟನೆ. ನೋವನ್ನು, ಅದು ಹೇಗೆ ಅನ್ನಿಸಿತು ಅನ್ನುವುದನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆಸ್ಪತ್ರೆಗೆ ಕಡಿಮೆ ಸಲ ಹೋದರು. ಗಮನಿಸಬೇಕಾದದ್ದು ಇನ್ನೊಂದಿದೆ. ಬರೆದ ಆ ದಿನಗಳಲ್ಲಿ ಅವರಿಗೆ ಹಗುರ ಅನ್ನಿಸಲಿಲ್ಲ, ಇನ್ನಷ್ಟು ಭಾರ ಅನ್ನಿಸಿತ್ತು. ಹಾಡಿ ಅತ್ತವರಿಗೂ ಆ ಹೊತ್ತಿಗೆ ಸುಸ್ತೇ ಆಗುತ್ತದೆ, ಅಲ್ವಾ?

ತೊಯ್ದ ಬಟ್ಟೆಯನ್ನು ಗಂಟು ಕಟ್ಟಿ ಮೂಲೆಗೆ ಇಟ್ಟರೆ ನಾರುತ್ತದೆ. ಬಿಚ್ಚಿ ಹಗ್ಗಕ್ಕೆ ಹರವಿದರೂ ತಕ್ಷಣ ಒಣಗುವುದಿಲ್ಲ, ಆದರೆ ಗಾಳಿ ಆಡುತ್ತದೆ. ನೋವು ತಲೆಯಲ್ಲಿ ಚೂರು ಚೂರಾಗಿ ಬಿದ್ದಿರುತ್ತದೆ. ಒಂದು ವಾಸನೆ, ಒಂದು ಮುಖ, ಒಂದು ಫೋನ್ ಕರೆ. ಹಾಡಿಗೋ ಬರಹಕ್ಕೋ ತರಬೇಕಾದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಜೋಡಿಸಲೇಬೇಕು. ಜೋಡಿಸಿದ ಮೇಲೆ ಅದು ಕತೆಯಾಗುತ್ತದೆ. ಕತೆಯನ್ನು ಕೆಳಗೆ ಇಟ್ಟು ಎದ್ದು ಹೋಗಬಹುದು.

ಸಾಧನಕೇರಿಯ ಬೇಂದ್ರೆಯವರಿಗೆ ಇದು ಪ್ರಯೋಗ ಓದದೆಯೇ ಗೊತ್ತಿತ್ತು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕಳೆದುಕೊಂಡ ತಂದೆ ಅವರು. ಮಗು ತೀರಿದಾಗ ಹೆಂಡತಿಯ ನೋಟ ಎದುರಿಸಲಾರದೆ ಬರೆದ ಅವರ ಕವಿತೆ ಕನ್ನಡದ ಮನೆಮನೆಗೆ ಗೊತ್ತು. ಅವರದೇ ಇನ್ನೊಂದು ಕವಿತೆಗಾಗಿ ಬ್ರಿಟಿಷ್ ಸರ್ಕಾರ 1930ರ ದಶಕದಲ್ಲಿ ಅವರನ್ನು ಹಿಂಡಲಗಾ ಜೈಲಿಗೆ ಹಾಕಿತು, ಆಮೇಲೆ ಧಾರವಾಡದ ಹತ್ತಿರದ ಮುಗದದಲ್ಲಿ ಕಾವಲಿನಲ್ಲಿ ಇಟ್ಟಿತು. ಕವಿತೆಯಿಂದ ಏನೂ ಆಗುವುದಿಲ್ಲ ಅಂದುಕೊಂಡಿದ್ದರೆ ಸರ್ಕಾರ ಅಷ್ಟು ಖರ್ಚು ಮಾಡುತ್ತಿರಲಿಲ್ಲ.

ಹಳೆ ಸೀರೆಯ ಕೌದಿ

ಕೌದಿ ಹೊಲಿಯುವವರನ್ನು ಕೇಳಿ ನೋಡಿ. ಹೊಸ ಬಟ್ಟೆ ತಂದು ಯಾರೂ ಕೌದಿ ಹೊಲಿಯುವುದಿಲ್ಲ. ಹರಿದ ಇಳಕಲ್ ಸೀರೆ, ಸವೆದ ಧೋತರ, ಮಗನ ಶಾಲೆಯ ಅಂಗಿ. ಹಾಸಿ, ಒಂದರ ಮೇಲೊಂದು ಪದರ ಇಟ್ಟು, ಅಂಚಿನಿಂದ ಸಾಲು ಹಿಡಿದು ಹೊಲಿಯುತ್ತ ಒಳಗೆ ಬರುತ್ತಾರೆ. ದಾರ ದಪ್ಪ, ಸೂಜಿ ಉದ್ದ, ಹೊಲಿಗೆ ಸಾದಾ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಎರಡು ಮೂರು ಹೆಣ್ಣುಮಕ್ಕಳು ಪಡಸಾಲೆಯಲ್ಲಿ ಕೂತು ಮಾತಾಡುತ್ತ ಹೊಲಿಯುವುದು ಇದರ ರೂಢಿ.

ಕೌದಿಯನ್ನು ಕೊಡವಿ ಹಾಸುವಾಗ ಬೆರಳು ಒಂದು ತುಂಡಿನ ಮೇಲೆ ನಿಲ್ಲುತ್ತದೆ. "ಇದು ಅವ್ವನ ಸೀರಿ." ಅವ್ವ ಇಲ್ಲ, ಸೀರೆ ಉಡಲು ಬರುವುದಿಲ್ಲ, ಎಸೆಯಲು ಮನಸ್ಸಿಲ್ಲ. ಹೊದ್ದುಕೊಳ್ಳಬಹುದು.

ಕೌದಿಯಂಥದೇ ಒಂದು ಕೆಲಸ ಭೂಮಿಯ ಇನ್ನೊಂದು ತುದಿಯಲ್ಲಿ ನಡೆದಿದೆ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ 1973ರ ಸೆಪ್ಟೆಂಬರ್‌ನಲ್ಲಿ ಸೇನಾಧಿಕಾರಿ ಪಿನೊಚೆ ಅಧಿಕಾರ ಹಿಡಿದ. ಸಾವಿರಾರು ಜನರನ್ನು ಮನೆಯಿಂದ ಎಳೆದೊಯ್ದರು. ಎಷ್ಟೋ ಜನ ತಿರುಗಿ ಬರಲೇ ಇಲ್ಲ, ಹೆಣವೂ ಸಿಗಲಿಲ್ಲ. ಅವರ ತಾಯಂದಿರು, ಹೆಂಡಂದಿರು ಚರ್ಚಿನ ಆಶ್ರಯದಲ್ಲಿ ಕೂಡಿ, ಗೋಣಿಯಂಥ ಬಟ್ಟೆಯ ಮೇಲೆ ಚಿಂದಿ ತುಂಡುಗಳನ್ನು ಹೊಲಿದು ಚಿತ್ರ ಮಾಡತೊಡಗಿದರು. ಕೆಲವೊಮ್ಮೆ ಆ ಚಿಂದಿ ಕಾಣೆಯಾದವರ ಅಂಗಿಯದೇ ಆಗಿರುತ್ತಿತ್ತು. ಇವುಗಳಿಗೆ ಅರ್ಪಿಯೆರಾ ಅನ್ನುತ್ತಾರೆ. ಬಣ್ಣ ಬಣ್ಣದ ಗುಡ್ಡ, ಸೂರ್ಯ, ಮನೆ, ಮನೆಯ ಎದುರು 'ಇವರೆಲ್ಲಿ?' ಅಂತ ಕೇಳುವ ಹೆಂಗಸರು. ಹೆಂಗಸರ ಹೊಲಿಗೆ ಕೆಲಸ ಅಂತ ಕಾವಲುಗಾರರು ಮೊದಮೊದಲು ಅದರ ಕಡೆ ತಿರುಗಿ ನೋಡಲಿಲ್ಲ. ಪತ್ರಿಕೆಗಳ ಬಾಯಿ ಮುಚ್ಚಿದ್ದ ದೇಶದಿಂದ ಆ ಬಟ್ಟೆಗಳು ಹೊರದೇಶಕ್ಕೆ ಹೋಗಿ ಮಾರಾಟವಾದವು. ಹೊಲಿದವರಿಗೆ ನಾಲ್ಕು ಕಾಸು ಸಿಕ್ಕಿತು, ಒಳಗೆ ಏನು ನಡೆಯುತ್ತಿದೆ ಅನ್ನುವುದು ಲೋಕಕ್ಕೆ ತಿಳಿಯಿತು.

ದುಃಖ, ದುಡಿಮೆ, ಸಾಕ್ಷಿ, ಮೂರೂ ಒಂದೇ ಸೂಜಿಯಲ್ಲಿ.

ಕಲ್ಲಿನಲ್ಲಿ ಉಳಿದ ಸುದ್ದಿ

ಸಾಕ್ಷಿಯ ಮಾತು ಬಂತು. ಹಾನಗಲ್, ಹಿರೇಕೆರೂರು ಕಡೆ ಯಾವ ಹಳ್ಳಿಗೆ ಹೋದರೂ ಗುಡಿಯ ಪಕ್ಕ ವೀರಗಲ್ಲು ಸಿಗುತ್ತದೆ. ಓದುವುದು ಸುಲಭ. ಕೆಳಗಿನಿಂದ ಮೇಲೆ ನೋಡಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಎದುರು ಕೂತ ವೀರ. ಎಷ್ಟೋ ಕಲ್ಲುಗಳ ಕೆಳಪಟ್ಟಿಯಲ್ಲಿ ದನಗಳಿರುತ್ತವೆ. ಊರಿನ ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನು ಅಂತ ಅರ್ಥ. ಸಾವಿರ ವರ್ಷದ ಹಿಂದೆ ಈ ಸೀಮೆಯ ಜನ ಎಂಥ ಭಯದಲ್ಲಿ ಬದುಕಿದ್ದರು ಅನ್ನುವುದನ್ನು ರಾಜರ ಶಾಸನಕ್ಕಿಂತ ಈ ಕಲ್ಲುಗಳು ಚೆನ್ನಾಗಿ ಹೇಳುತ್ತವೆ.

1943ರ ಬಂಗಾಳದ ಬರಗಾಲದಲ್ಲೂ ಹೀಗೇ ಆಯಿತು. ಚಿತ್ತಪ್ರಸಾದ್, ಜೈನುಲ್ ಅಬೇದಿನ್ ಎಂಬ ಕಲಾವಿದರು ಹಸಿದು ಬಿದ್ದವರನ್ನು ಕಪ್ಪು ಮಸಿಯಲ್ಲಿ ಬರೆದರು. ಚಿತ್ತಪ್ರಸಾದರು ಊರೂರು ತಿರುಗಿ ಮಾಡಿದ ಚಿತ್ರ-ವರದಿಯ ಪುಸ್ತಕದ ಪ್ರತಿಗಳನ್ನು ಬ್ರಿಟಿಷರು ಹಿಡಿದು ಸುಟ್ಟರು. ಸರ್ಕಾರಿ ಕಾಗದಗಳಲ್ಲಿ ಸತ್ತವರು ಅಂಕಿಯಾಗಿದ್ದರು. ಅವರ ಚಿತ್ರಗಳಲ್ಲಿ ಒಬ್ಬೊಬ್ಬರಿಗೂ ಮುಖ ಇತ್ತು.

ಕೂಡಿ ಹಾಡಿದರೆ

ಕಷ್ಟಕಾಲ ಮನುಷ್ಯರನ್ನು ಬಿಡಿ ಬಿಡಿ ಮಾಡುತ್ತದೆ. ಸಾಲಗಾರ ಸಂತೆಗೆ ಹೋಗುವುದನ್ನು ಬಿಡುತ್ತಾನೆ, ವಿಧವೆ ಮದುವೆಗೆ ಹೋಗುವುದನ್ನು ಬಿಡುತ್ತಾಳೆ. ಭಜನೆಗೆ ಮಾತ್ರ ಹೋಗಬಹುದು. ಅಲ್ಲಿ ಯಾರೂ "ಏನಾತು?" ಅಂತ ಕೇಳುವುದಿಲ್ಲ, ತಾಳ ಕೈಗೆ ಕೊಡುತ್ತಾರೆ.

ಕೂಡಿ ಹಾಡುವಾಗ ಒಂದೇ ಕಡೆ ಉಸಿರು ತೆಗೆದುಕೊಳ್ಳಬೇಕು, ಒಂದೇ ಕಡೆ ಬಿಡಬೇಕು. ಉಸಿರಿಗೂ ಎದೆಬಡಿತಕ್ಕೂ ನಂಟಿದೆ. ಉಸಿರು ಬಿಡುವಾಗ ಬಡಿತ ನಿಧಾನವಾಗುತ್ತದೆ. ಉದ್ದ ಸಾಲು ಹಾಡುವುದು ಅಂದರೆ ಉದ್ದಕ್ಕೆ ಉಸಿರು ಬಿಡುವುದೇ. ಸ್ವೀಡನ್ನಿನ ಗೊಥೆನ್‌ಬರ್ಗ್ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದ ಹಾಗೆ, ಒಟ್ಟಿಗೆ ಹಾಡುವವರ ಎದೆಬಡಿತಗಳು ಕೂಡಿಯೇ ಏರುತ್ತವೆ, ಕೂಡಿಯೇ ಇಳಿಯುತ್ತವೆ.

ಆಕ್ಸ್‌ಫರ್ಡ್‌ನ ಸಂಶೋಧಕರು 2015ರಲ್ಲಿ ಇನ್ನೊಂದು ಚೆಂದದ ಸಂಗತಿ ಹೇಳಿದರು. ಗುರುತು ಪರಿಚಯ ಇಲ್ಲದವರನ್ನು ಹಾಡಿನ ತರಗತಿಗೆ, ಕೈಕೆಲಸದ ತರಗತಿಗೆ, ಬರಹದ ತರಗತಿಗೆ ಸೇರಿಸಿ ಏಳು ತಿಂಗಳು ನೋಡಿದರು. ಹಾಡಿನವರು ಬಲು ಬೇಗ ಹತ್ತಿರವಾದರು. ಉಳಿದವರು ನಿಧಾನವಾಗಿ ಹತ್ತಿರವಾದರು. ಕೊನೆಗೆ ನೋಡಿದರೆ ಎಲ್ಲರೂ ಅಷ್ಟೇ ಹತ್ತಿರ. ಭಜನೆ ಒಂದೇ ರಾತ್ರಿಯಲ್ಲಿ ಮಾಡುವುದನ್ನು ಕೌದಿ ಒಂದು ಬೇಸಿಗೆಯಲ್ಲಿ ಮಾಡುತ್ತದೆ ಅನ್ನಿ.

ಜುಟ್ಟಿಗೆ ಮಲ್ಲಿಗೆ ಹೂವೇ?

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಈ ಗಾದೆಯನ್ನು ಕಲೆಯ ವಿರುದ್ಧ ಯಾರಾದರೂ ತೆಗೆದೇ ತೆಗೆಯುತ್ತಾರೆ. ಮೊದಲು ಹೊಟ್ಟೆ ತುಂಬಲಿ, ಆಮೇಲೆ ಹಾಡು ಅಂತ.

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಈ ಗಾದೆ ತಿರುಗುಮುರುಗಾಗಿದೆ. ಪಂಚಾಕ್ಷರಿ ಗವಾಯಿಗಳು (1892–1944) ಹುಟ್ಟು ಕುರುಡರು. ಹಾನಗಲ್ಲ ಕುಮಾರ ಸ್ವಾಮಿಗಳು ಅವರಿಗೆ ಸಂಗೀತ ಕಲಿಸಲು ವ್ಯವಸ್ಥೆ ಮಾಡಿದರು. ಗವಾಯಿಗಳು ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿದರು. ಆ ಮಕ್ಕಳಿಗೆ ಊಟ ಹಾಕಲು ದುಡ್ಡು ಬೇಕಾದಾಗ ನಾಟಕ ಕಂಪನಿ ಕಟ್ಟಿದರು. ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ಅದನ್ನೇ ದಶಕಗಳ ಕಾಲ ನಡೆಸಿದರು. ಅವರಿಗೂ ಎಳವೆಯಲ್ಲೇ ಕಣ್ಣು ಹೋಗಿತ್ತು. ಬೇರೆ ಕಡೆ ಭಿಕ್ಷೆಗೆ ಕೂರಬೇಕಿದ್ದ ಮಕ್ಕಳು ಇಲ್ಲಿ ತಬಲಾ, ಹಾರ್ಮೋನಿಯಂ, ಪಿಟೀಲು ಕಲಿತು ಹೊರಬಿದ್ದರು. ಹಿಟ್ಟು ಬಂದದ್ದೇ ಮಲ್ಲಿಗೆಯಿಂದ.

ಗಂಗೂಬಾಯಿ ಹಾನಗಲ್ಲರೂ ಹೊಟ್ಟೆ ತುಂಬಿದ ಮೇಲೆ ಹಾಡಿದವರಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತರು. ಹಾಡುವ ಹೆಂಗಸು ಅಂತ ದಾರಿಯಲ್ಲಿ ಬೈಸಿಕೊಂಡರು. ಗಂಟಲಿನ ಚಿಕಿತ್ಸೆಯ ನಂತರ ದನಿ ಗಂಡಸಿನದರಂತೆ ಗಡುಸಾಯಿತು. ಅದೇ ದನಿಯಲ್ಲಿ ಹಾಡಿ ಮನೆ ನಡೆಸಿದರು.

ಆದರೂ ಗಾದೆಯಲ್ಲಿ ಒಂದು ಸತ್ಯ ಇದೆ, ಅದನ್ನು ಮುಚ್ಚಿಡಬಾರದು. ಕಲೆಯನ್ನೇ ನಂಬಿ ಬದುಕುವವರಿಗೆ ಕಷ್ಟಕಾಲ ಎಲ್ಲರಿಗಿಂತ ಮೊದಲು ತಟ್ಟುತ್ತದೆ. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು. ನಮ್ಮ ಕಡೆ ಅದು ಜಾತ್ರೆಯ ಹಂಗಾಮು. ನಾಟಕ ಕಂಪನಿ, ದೊಡ್ಡಾಟದ ಮೇಳ, ಬ್ಯಾಂಡಿನವರು ವರ್ಷದ ಕೂಳು ಗಳಿಸುವ ತಿಂಗಳುಗಳು. ಡೇರೆ ಹಾಕಿದ ಜಾಗದಲ್ಲೇ ಡೇರೆ ಬಿಚ್ಚಿದರು. ಕಲೆ ಮನಸ್ಸಿಗೆ ಔಷಧಿ ಅಂತ ಭಾಷಣ ಮಾಡುವ ನಾವೇ ಕಲಾವಿದನಿಗೆ "ಅಡ್ವಾನ್ಸ್ ಯಾಕ್ರೀ, ಒಂದ್ ಶಾಲು ಹೊಚ್ತೀವಿ" ಅನ್ನುತ್ತೇವೆ. ಔಷಧಿ ಅಂಗಡಿಯಲ್ಲಿ ಹಾಗೆ ಅಂದು ನೋಡಿ.

ಕಲೆಯಿಂದ ಆಗದ್ದು

ಕಸೂತಿಯಿಂದ ಸಾಲ ತೀರುವುದಿಲ್ಲ. ಮಳೆಗಾಗಿ ಮಕ್ಕಳು ತಲೆಯ ಮೇಲೆ ಗುರ್ಜಿ ಎಂಬ ಮಳೆದೇವರನ್ನು ಹೊತ್ತು ಮನೆಮನೆಗೆ ಹಾಡುತ್ತ ಹೋದರೆ ಮೋಡ ಬರುವುದಿಲ್ಲ. ಹಾಗೆ ಹೋದ ಮಕ್ಕಳ ಮೇಲೆ ನಾಲ್ಕು ಚೊಂಬು ನೀರು ಸುರಿದು, ಹಿಟ್ಟು ಕೊಟ್ಟು, ಊರಿನವರು ಒಂದು ದಿನ ಕೂಡಿ ಅಡಿಗೆ ಮಾಡಿ ಉಣ್ಣುತ್ತಾರೆ. ಅಷ್ಟು ಮಾತ್ರ ಖಾತ್ರಿ.

ಕಾಯಿಲೆಯ ಮಟ್ಟಕ್ಕೆ ಹೋದ ದುಃಖಕ್ಕೆ ಹಾಡು ಸಾಲದು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಡಾಕ್ಟರ್ ಬೇಕು. ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇರುವುದೇ ಅದಕ್ಕೆ. ಹೋಗಲು ಸಂಕೋಚವಾದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಎಚ್ಚರ. ಈಗಷ್ಟೇ ದೊಡ್ಡ ಆಘಾತ ಆದವರಿಗೆ, ಅದರಲ್ಲೂ ಮಕ್ಕಳಿಗೆ, "ಆದದ್ದನ್ನು ಬರಿ, ನೆರೆ ಬಂದದ್ದನ್ನು ಚಿತ್ರ ತೆಗಿ" ಅಂತ ಒತ್ತಾಯ ಮಾಡಬಾರದು. ಗಾಯ ಹಸಿ ಇರುವಾಗ ಕೆದಕಿದ ಹಾಗೆ ಆಗುತ್ತದೆ. ಮಣ್ಣು ಕೊಡಿ, ಬಣ್ಣ ಕೊಡಿ, ಪಕ್ಕದಲ್ಲಿ ಕೂತಿರಿ. ಅವರು ಮಾವಿನಕಾಯಿ ಬರೆದರೆ ಮಾವಿನಕಾಯಿ.

ಶುರು ಎಲ್ಲಿಂದ?

ಕೈಗೆ ಹತ್ತಿರ ಇರುವುದರಿಂದ. ಖರ್ಚಿಲ್ಲದ್ದರಿಂದ. ಮನೆಯಲ್ಲಿ ಹಳೆ ಸೀರೆ ಇದ್ದರೆ ಕೌದಿ, ಪಕ್ಕದ ಗುಡಿಯಲ್ಲಿ ಭಜನೆ ಇದ್ದರೆ ಭಜನೆ. ಚೆನ್ನಾಗಿ ಬಂತೋ ಇಲ್ಲವೋ ಅಂತ ಯಾರಿಗೂ ತೋರಿಸಬೇಕಿಲ್ಲ. ಫೋಟೋ ಹೊಡೆದು ಸ್ಟೇಟಸ್‌ಗೆ ಹಾಕಿದ ಕೂಡಲೇ ಎಳೆಯ ಎಣಿಕೆ ಬಿಟ್ಟು ಲೈಕಿನ ಎಣಿಕೆ ಶುರುವಾಗುತ್ತದೆ, ಮೋಟಾರು ಮತ್ತೆ ಓಡುತ್ತದೆ.

ಮಣ್ಣಿನ ಕೆಲಸಕ್ಕಂತೂ ನಮ್ಮ ಕಡೆ ಪಂಚಾಂಗವೇ ಇದೆ. ವರ್ಷಕ್ಕೆ ಐದು ಸಲ ಮಣ್ಣು ಮುಟ್ಟಿ ಆಕಾರ ಮಾಡುತ್ತೇವೆ. ಮೊದಲು ಮಣ್ಣೆತ್ತು, ಆಷಾಢದಲ್ಲಿ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಚವತಿಗೆ ಗಣಪ್ಪ, ಅವನ ಬೆನ್ನಿಗೇ ಜೋಕುಮಾರ. ಐದೂ ಮಳೆಗಾಲದಲ್ಲೇ ಬರುತ್ತವೆ. ಏನು ಬರುತ್ತದೋ, ಬರುವುದಿಲ್ಲವೋ ಅಂತ ರೈತ ಮುಗಿಲು ನೋಡುವ ತಿಂಗಳುಗಳಲ್ಲಿ.

ಆ ಜೂನ್‌ನ ಅಮಾವಾಸ್ಯೆಯ ಮರುದಿನ ಕಟ್ಟೆಯ ಹುಡುಗಿಯ ಎತ್ತು ಒಣಗುವಾಗ ಒಂದು ಕಾಲು ಮುರಿದುಕೊಂಡಿತ್ತು. ಅವಳು ಅಳಲಿಲ್ಲ. ಅಮಾವಾಸ್ಯೆಯ ಮರುದಿನ ಕುಂಟೆತ್ತು ಹಿಡಿದು ಮನೆಮನೆಗೆ ಹೋಗಿ ಜೋಳ ಕೇಳುವುದು ಮಕ್ಕಳ ಪದ್ಧತಿ. ಕಾಲು ಗಟ್ಟಿ ಇದ್ದ ಎತ್ತುಗಳು ಜಗಲಿಯ ಮೇಲೆ ಉಳಿದವು. ಇವಳದನ್ನು ತಟ್ಟೆಯಲ್ಲಿ ಇಟ್ಟುಕೊಂಡು ಎಲ್ಲರೂ ಓಣಿ ತುಂಬ ಹಾಡುತ್ತ ಹೋದರು. ಇಣಿ ತಿದ್ದಿಕೊಟ್ಟ ಹಿರಿಯರು ಬಾಗಿಲಿಗೆ ಬಂದು, ಮುಗಿಲು ಒಮ್ಮೆ ನೋಡಿ, ಒಳಗೆ ಹೋಗಿ ಎರಡು ಬೊಗಸೆ ಜೋಳ ತಂದು ಸುರಿದರು.